ಎರಡನೇ ಕೋಣೆಯ ಖಾಲಿ ಖಾನೆ

ಮಕ್ಕಳ ಡಾಕ್ಟರಿಗೆ ಮಗುವಾಯಿತು. ಕೌಂಟರಮ್ಮನ ಕಷ್ಟ ಶುರುವಾದದ್ದು ಅಲ್ಲಿಂದ.

ಭಾನುವಾರ ಮಧ್ಯಾಹ್ನ ಡಾಕ್ಟರೇ ಫೋನ್ ಮಾಡಿದರು. "ಕೌಂಟರಮ್ಮ, ಹೆಣ್ಣು ಮಗು! ಇನ್ನು ಮೂರು ವಾರ ನಾನು ಬೆಳಗ್ಗೆ ಹೊತ್ತು ಬರಲ್ಲ. ಸಂಜೆ ಮಾತ್ರ ಬರ್ತೀನಿ. ಇಲ್ಲಿ ಮಗು ಅಳ್ತಾನೇ ಇದೆ, ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ."

"ನೀವೇ ಊರಿಗೆಲ್ಲ ಹೇಳಿಕೊಡ್ತಿದ್ರಲ್ಲ ಸಾರ್?"

"ಅದು ಬೇರೆಯವರ ಮಗು ಕೌಂಟರಮ್ಮ," ಎಂದು ಹೇಳಿ ಫೋನಿಟ್ಟರು.

ಕೌಂಟರಮ್ಮ ಆ ಕ್ಲಿನಿಕ್ಕಿನ ಗಾಜಿನ ಕಿಂಡಿಯ ಹಿಂದೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಬಂದವರಿಗೆ ಚೀಟಿ ಕೊಡುವುದು, ಅಳುವ ಮಕ್ಕಳನ್ನು ರಮಿಸುವುದು, ಜಗಳ ತೆಗೆಯುವ ದೊಡ್ಡವರನ್ನೂ ರಮಿಸುವುದು, ಎಲ್ಲ ಅವರದೇ. ಕ್ಲಿನಿಕ್ಕಿನಲ್ಲಿ ಇದ್ದದ್ದು ನಾಲ್ಕು ಕೋಣೆ, ನಾಲ್ಕು ಡಾಕ್ಟರು. ಒಂದನೇ ಕೋಣೆಯಲ್ಲಿ ಯಜಮಾನರಾದ ದೊಡ್ಡ ಡಾಕ್ಟರು, ಎರಡನೆಯದರಲ್ಲಿ ಮಕ್ಕಳ ಡಾಕ್ಟರು, ಮೂರನೆಯದರಲ್ಲಿ ಹಲ್ಲಿನ ಡಾಕ್ಟರಮ್ಮ, ನಾಲ್ಕನೆಯದರಲ್ಲಿ ಕಣ್ಣಿನ ಡಾಕ್ಟರು. ಯಾರು ಯಾವ ಹೊತ್ತಿಗೆ ಎಲ್ಲಿ ಸಿಗುತ್ತಾರೆ ಎನ್ನುವುದನ್ನು ಕೌಂಟರಮ್ಮ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆಯುತ್ತಿದ್ದರು. ಯಾರಾದರೂ ರಜೆ ಹಾಕಿದರೆ ಅಂಗೈಯಲ್ಲಿ ಒರೆಸಿದರೆ ಮುಗಿಯಿತು. ಒರೆಸಿದ ಜಾಗ ಖಾಲಿಯಾಗಿ ಇದ್ದಲ್ಲೇ ಇರುತ್ತಿತ್ತು.

ಎರಡು ತಿಂಗಳ ಹಿಂದೆ ದೊಡ್ಡ ಡಾಕ್ಟರ ಅಕ್ಕನ ಮಗ ಬಂದು ಕ್ಲಿನಿಕ್ಕಿಗೊಂದು ವೆಬ್ ಪುಟ ಮಾಡಿಕೊಟ್ಟ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಿಕೊಂಡು ಬರಬಹುದು. ಬಂದ ಮೇಲೆ ಹಜಾರದ ಗೋಡೆಯ ಟೀವಿಯಲ್ಲೂ ಅದೇ ಪುಟ ಕಾಣುತ್ತದೆ. ದೊಡ್ಡ ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷ. ಕಪ್ಪು ಹಲಗೆ ಉಗ್ರಾಣಕ್ಕೆ ಹೋಯಿತು. ಸಾಲದು ಎಂಬಂತೆ, "ಇನ್ನು ಇವು ಯಾಕೆ? ಎಲ್ಲಾ ಟೀವಿಯಲ್ಲೇ ಇದೆ," ಎಂದು ಕೋಣೆಗಳ ಬಾಗಿಲ ಮೇಲಿನ ಹೆಸರಿನ ಫಲಕಗಳನ್ನೂ ಬಿಚ್ಚಿಸಿದರು. ಬಾಗಿಲುಗಳ ಮೇಲೆ ಉಳಿದದ್ದು ಬರೀ ಒಂದು, ಎರಡು, ಮೂರು, ನಾಲ್ಕು.

ಅಕ್ಕನ ಮಗ ಹೊರಡುವ ಮುಂಚೆ ಕೌಂಟರಮ್ಮನನ್ನು ಕೂರಿಸಿಕೊಂಡು ಎರಡು ಗಂಟೆ ಪಾಠ ಮಾಡಿದ್ದ. ಇಡೀ ಪಟ್ಟಿಗೆ ಟೇಬಲ್ ಎನ್ನಬೇಕು. ಟಿಆರ್ ಎಂದರೆ ಒಂದು ಅಡ್ಡಸಾಲು. ಸಾಲಿನೊಳಗೆ ಟಿಡಿ ಎಂದರೆ ಒಂದು ಖಾನೆ. ಖಾನೆ ತೆರೆಯುವಾಗ ಬಾಣದ ಗುರುತುಗಳ ನಡುವೆ ಟಿಡಿ, ಮುಚ್ಚುವಾಗ ಅದಕ್ಕೇ ಒಂದು ಓರೆಗೆರೆ. ನಡುವೆ ಏನು ಬರೆದರೆ ಅದು ಖಾನೆಯೊಳಗೆ ಕಾಣುತ್ತದೆ. "ಅಷ್ಟೇ ಆಂಟಿ, ತುಂಬಾ ಸುಲಭ," ಎಂದಿದ್ದ. ಸುಲಭ ಎಂದವರೆಲ್ಲ ಹೇಳಿದ ಮೇಲೆ ಊರು ಬಿಟ್ಟು ಹೋಗುತ್ತಾರೆ ಎನ್ನುವುದು ಕೌಂಟರಮ್ಮನ ಅನುಭವ. ಇವನೂ ಹೋದ.

ಎರಡು ತಿಂಗಳಲ್ಲಿ ಏನನ್ನೂ ಬದಲಾಯಿಸುವ ಪ್ರಸಂಗ ಬಂದಿರಲಿಲ್ಲ. ಈಗ ಬಂತು. ಸೋಮವಾರ ಬೆಳಗ್ಗೆ ಬೇಗ ಬಂದು, ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿನಲ್ಲಿ ಆ ಪುಟ ತೆರೆದರು. ಮೇಲೆ ಕೋಣೆ ನಂಬರುಗಳ ತಲೆಬರಹ, ಅದರ ಕೆಳಗೆ ಎರಡೇ ಸಾಲು, ಬೆಳಗ್ಗೆಯದೊಂದು, ಸಂಜೆಯದೊಂದು. ಬೆಳಗಿನ ಸಾಲಿನಲ್ಲಿ 'ಮಕ್ಕಳ ಡಾಕ್ಟರು' ಎಂದಿದ್ದ ಖಾನೆ ಸಿಕ್ಕಿತು. ಅದನ್ನು ಬಾಣದ ಗುರುತುಗಳ ಸಮೇತ, ಒಂದಿಷ್ಟೂ ಗುರುತು ಉಳಿಯದ ಹಾಗೆ ಅಳಿಸಿದರು. ಅವರೇ ಬರುವುದಿಲ್ಲ ಎಂದ ಮೇಲೆ ಅವರ ಖಾನೆ ಯಾಕೆ? ಉಳಿಸಿ, ಟೀವಿ ಹಾಕಿದರು. ಪಟ್ಟಿ ಚೊಕ್ಕವಾಗಿ ಮೂಡಿತು. ಬಲತುದಿಯಲ್ಲಿ ಮಾತ್ರ ಗೆರೆಯಿಲ್ಲದ ಒಂದು ಬೋಳು ಜಾಗ ಕಂಡಿತು. ಅದನ್ನು ಅವರು ನೋಡಿದರು. ಖಾಲಿ ಅಂದರೆ ಖಾಲಿ ಎಂದುಕೊಂಡು ಚೀಟಿಗಳನ್ನು ಜೋಡಿಸತೊಡಗಿದರು.

ಟಿಡಿಗಳ ಗುಣ ಅವರಿಗೆ ಗೊತ್ತಿರಲಿಲ್ಲ. ನಡುವಿನದೊಂದನ್ನು ಕಿತ್ತರೆ ಉಳಿದವು ಕಪ್ಪು ಹಲಗೆಯ ಅಕ್ಷರದ ಹಾಗೆ ಇದ್ದಲ್ಲಿ ಇರುವುದಿಲ್ಲ. ಬೆಂಚಿನ ಮೇಲೆ ಕೂತವರ ಹಾಗೆ ಎಲ್ಲ ಒಂದೊಂದು ಜಾಗ ಸರಿದುಕೊಳ್ಳುತ್ತವೆ. ಎರಡನೇ ಕೋಣೆಯ ಕೆಳಗೆ ಹಲ್ಲಿನ ಡಾಕ್ಟರಮ್ಮ ಬಂದು ಕೂತಿದ್ದರು. ಮೂರನೇ ಕೋಣೆಯ ಕೆಳಗೆ ಕಣ್ಣಿನ ಡಾಕ್ಟರು. ನಾಲ್ಕನೆಯದು ಬೋಳು. ಟೀವಿಯಲ್ಲಿ ಹೀಗಿತ್ತು; ಡಾಕ್ಟರುಗಳು ಮಾತ್ರ ಎಂದಿನ ಹಾಗೆ ತಂತಮ್ಮ ಕೋಣೆಗಳಿಗೇ ಹೋಗಿ ಕೂತಿದ್ದರು.

ಮೊದಲು ಬಂದವರು ನಿವೃತ್ತ ಗಣಿತದ ಮೇಷ್ಟ್ರು. ಕನ್ನಡಕದ ನಂಬರು ಬದಲಾಗಿದೆಯೆಂದು ಅವರಿಗೆ ಅನುಮಾನ. ಟೀವಿಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ, ಕಣ್ಣಿನ ಡಾಕ್ಟರು ಮೂರನೇ ಕೋಣೆ ಎಂದು ಓದಿಕೊಂಡು ನೇರವಾಗಿ ಹಲ್ಲಿನ ಡಾಕ್ಟರಮ್ಮನ ಕೋಣೆಗೆ ನುಗ್ಗಿದರು. ಡಾಕ್ಟರಮ್ಮ ಮುಖಕ್ಕೆ ಮುಸುಕು ಹಾಕಿಕೊಂಡಿದ್ದರು. ಮಲಗುವ ಕುರ್ಚಿ ತೋರಿಸಿ, "ಬನ್ನಿ, ಒರಗಿಕೊಳ್ಳಿ," ಎಂದರು. ಮೇಷ್ಟ್ರು ಒರಗಿಕೊಂಡರು. ಡಾಕ್ಟರಮ್ಮ ದೀಪ ಹಾಕಿದರು. ಮೇಷ್ಟ್ರು ಕಣ್ಣು ಅರಳಿಸಿ ದೀಪವನ್ನೇ ನೋಡಿದರು.

"ಬಾಯಿ ತೆಗೀರಿ."

"ಬಾಯಿ ಯಾಕೆ?"

"ತೆಗೀದೇ ಒಳಗಡೆ ಹೆಂಗೆ ನೋಡೋದು?"

ಇದು ಹೊಸ ತಂತ್ರಜ್ಞಾನವಿರಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಡಾಕ್ಟರಮ್ಮ ಒಂದು ಪುಟ್ಟ ಕನ್ನಡಿಯನ್ನು ಒಳಗೆ ಆಡಿಸಿ, "ಅಯ್ಯೋ, ಎಷ್ಟು ದಿನದಿಂದ ಹೀಗಿದೆ?" ಎಂದರು.

"ಎರಡು ವರ್ಷ ಆಯ್ತು. ಓದೋವಾಗ ಜಾಸ್ತಿ."

"ಓದೋವಾಗ ನೋವಾಗತ್ತಾ?"

"ನೋವಿಲ್ಲ, ಮಂಜು ಮಂಜು."

ಡಾಕ್ಟರಮ್ಮ ಹಿಂದೆ ಸರಿದು ಮುಸುಕು ಇಳಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ವಿಷಯ ತಿಳಿದ ಮೇಲೆ ಮೇಷ್ಟ್ರು ಕುರ್ಚಿಯಿಂದ ಎದ್ದ ರಭಸಕ್ಕೆ ಪಕ್ಕದ ಬೇಸಿನ್ನು ಅಲ್ಲಾಡಿತು. ಅವರು ಎರಡು ವರ್ಷದಿಂದ ಹಲ್ಲಿನ ಡಾಕ್ಟರ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದವರು.

ಅಷ್ಟರಲ್ಲಿ ಮೂರನೇ ಬಾಗಿಲ ಮುಂದೆ ಕಣ್ಣು ಉಜ್ಜಿಕೊಳ್ಳುವ ಹನ್ನೊಂದು ಮಂದಿ ಸೇರಿದ್ದರು. ಎರಡನೇ ಬಾಗಿಲ ಮುಂದೆ ಕೆನ್ನೆ ಹಿಡಿದುಕೊಂಡ ಐದು ಮಂದಿ ಬೀಗ ಹಾಕಿದ ಬಾಗಿಲನ್ನು ತಟ್ಟುತ್ತಿದ್ದರು. ನಾಲ್ಕನೇ ಕೋಣೆಯೊಳಗೆ ಕಣ್ಣಿನ ಡಾಕ್ಟರು ಕತ್ತಲಲ್ಲಿ ಒಬ್ಬರೇ ಕೂತು, ಎದುರಿನ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ತಾವೇ ಓದಿಕೊಳ್ಳುತ್ತಿದ್ದರು.

ಇಲ್ಲೊಂದು ವಿಷಯ ಹೇಳಬೇಕು. ಕಣ್ಣಿನ ಡಾಕ್ಟರಿಗೂ ಹಲ್ಲಿನ ಡಾಕ್ಟರಮ್ಮನಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಅವರಿಬ್ಬರ ಕೋಣೆಗಳ ನಡುವಿನ ಗೋಡೆಯ ಮೇಲುಗಡೆ ಗಾಜಿನದೊಂದು ಕಿಟಕಿ ಇತ್ತು. ಕಣ್ಣು ನೋಡಲು ಕತ್ತಲು ಬೇಕು, ಹಲ್ಲು ನೋಡಲು ಬೆಳಕು ಬೇಕು. ಡಾಕ್ಟರಮ್ಮನ ದೀಪ ಆ ಗಾಜಿನಿಂದ ಹಾದು ಕಣ್ಣಿನ ಡಾಕ್ಟರ ಕೋಣೆಗೆ ಬೀಳುತ್ತಿತ್ತು. ಅವರು ಗಾಜಿಗೆ ಕಪ್ಪು ಕಾಗದ ಅಂಟಿಸಿದರು. ಇವರು ಗಾಜು ಹಾಳಾಗುತ್ತದೆಂದು ಕಿತ್ತರು. ಅವರು ಮತ್ತೆ ಅಂಟಿಸಿದರು, ಇವರು ಮತ್ತೆ ಕಿತ್ತರು. ಅಲ್ಲಿಂದಾಚೆಗೆ ಅವರು ಇವರನ್ನು ಕಣ್ಣೆತ್ತಿ ನೋಡಲಿಲ್ಲ, ಇವರು ಅವರನ್ನು ಕಂಡು ಹಲ್ಲು ಬಿಡಲಿಲ್ಲ. ಹೇಳಬೇಕಾದ್ದೆಲ್ಲ ಕೌಂಟರಮ್ಮನ ಮೂಲಕ. ಇಬ್ಬರೂ ಎದುರೆದುರೇ ನಿಂತಿದ್ದರೂ ನಡುವೆ ಕೌಂಟರಮ್ಮ ಬೇಕು.

ಹನ್ನೊಂದು ಗಂಟೆಗೆ ಕಣ್ಣಿನ ಡಾಕ್ಟರು ಕಿಂಡಿಯ ಮುಂದೆ ಬಂದು ನಿಂತರು. "ಕೌಂಟರಮ್ಮ, ನನ್ನ ಪೇಷೆಂಟುಗಳನ್ನೆಲ್ಲ ಆ ಕೋಣೆಗೆ ತಿರುಗಿಸೋಕೆ ಅವರು ನಿಮಗೆ ಏನು ಹೇಳಿದಾರೆ?"

"ಅಯ್ಯೋ ಸಾರ್, ಯಾರೂ ಏನೂ ಹೇಳಿಲ್ಲ. ಖಾನೆ ಸರಿದಿದೆ."

"ಖಾನೆಗೆ ಕಾಲಿದೆಯಾ ಸರಿಯೋಕೆ?"

ಹಿಂದೆಯೇ ಡಾಕ್ಟರಮ್ಮ ಬಂದರು. "ಕೌಂಟರಮ್ಮ, ಅವರಿಗೆ ಹೇಳಿ. ಅವರ ಪೇಷೆಂಟುಗಳು ನನ್ನ ಕುರ್ಚಿ ಮೇಲೆ ಮಲಗಿ ದೀಪ ನೋಡ್ತಾ ಇದಾರೆ. ನನಗೇನು ಅದರಿಂದ ಖುಷಿ ಇಲ್ಲ."

ಕೌಂಟರಮ್ಮ ಇಬ್ಬರಿಗೂ ಕೈಮುಗಿದು ಕಂಪ್ಯೂಟರಿಗೆ ತಿರುಗಿದರು. ಹಲ್ಲಿನ ಡಾಕ್ಟರಮ್ಮನನ್ನು ಬಲಕ್ಕೆ ನೂಕಬೇಕು, ಅಷ್ಟು ಅವರಿಗೆ ಗೊತ್ತಾಗಿತ್ತು. ಅವರ ಖಾನೆಗಿಂತ ಮುಂಚೆ ಒಂದು ಟಿಡಿ ತೆರೆದು, ಒಳಗೆ ಏನೂ ಬರೆಯದೆ, ಹಾಗೇ ಮುಚ್ಚಿ ಉಳಿಸಿದರು. ಟೀವಿ ನೋಡಿದರು. ಏನೂ ಬದಲಾಗಲಿಲ್ಲ. ಸಾಲದೇನೋ ಎಂದು ಇನ್ನೊಂದು ಹಾಕಿದರು. ಟೀವಿ ಜಪ್ಪಯ್ಯ ಅನ್ನಲಿಲ್ಲ. ಪುಟವನ್ನು ಮತ್ತೊಮ್ಮೆ ತೆರೆದರೆ ಮಾತ್ರ ಹೊಸದು ಕಾಣುತ್ತದೆ ಎಂದು ಅಕ್ಕನ ಮಗ ಹೇಳಿದ್ದನ್ನು ಅವರು ಮರೆತೇಬಿಟ್ಟಿದ್ದರು. ಖಾಲಿ ಖಾನೆಯಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ, ಆ ಬೆಳಗ್ಗೆಯೆಲ್ಲ ಕಿಂಡಿಯಿಂದ ಹೊರಗೆ ನಿಂತು, "ಕಣ್ಣು ನಾಲ್ಕು! ಹಲ್ಲು ಮೂರು!" ಎಂದು ಗಂಟಲು ಹರಿಯುವಂತೆ ಕೂಗಿದರು. ಇದನ್ನು ಕೇಳಿದ ಒಬ್ಬ ಅಜ್ಜಿ, "ನನಗೂ ಅಷ್ಟೇ ಉಳಿದಿರೋದಮ್ಮ, ಮೂರೇ," ಎಂದು ಬಾಯಿ ತೆರೆದು ತೋರಿಸಿದರು.

ಸಂಜೆ ಮಾತ್ರ ಎಲ್ಲ ಸರಿಯಾಗಿ ನಡೆಯಿತು. ಸಂಜೆಯ ಸಾಲನ್ನು ಅವರು ಮುಟ್ಟಿರಲಿಲ್ಲ.

ಮಂಗಳವಾರ ಬೆಳಗ್ಗೆ ಟೀವಿ ಹೊಸದಾಗಿ ಹೊತ್ತಿಕೊಂಡಿತು. ಅದರ ಜೊತೆ ನಿನ್ನೆ ಹಾಕಿದ್ದ ಎರಡು ಖಾಲಿ ಖಾನೆಗಳೂ ಒಟ್ಟಿಗೇ ಪ್ರತ್ಯಕ್ಷವಾದವು. ಎರಡನೇ ಕೋಣೆ ಖಾಲಿ, ಮೂರನೆಯದೂ ಖಾಲಿ, ನಾಲ್ಕನೆಯದರಲ್ಲಿ ಹಲ್ಲಿನ ಡಾಕ್ಟರಮ್ಮ. ಕಣ್ಣಿನ ಡಾಕ್ಟರು ಪಟ್ಟಿಯಿಂದ ಪೂರ್ತಿ ಆಚೆಗೆ, ತಲೆಬರಹವೇ ಇಲ್ಲದ ಕಡೆ, ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿಯ ಹಾಗೆ ನೇತಾಡುತ್ತಿದ್ದರು.

ಬಂದವರು ಅದನ್ನು ತಮಗೆ ತಿಳಿದ ಹಾಗೆ ಅರ್ಥಮಾಡಿಕೊಂಡರು. ಕೋಣೆ ನಂಬರಿಲ್ಲ, ಗೆರೆಯಿಂದ ಆಚೆಗಿದ್ದಾರೆ. ಅಂದರೆ ಡಾಕ್ಟರು ಇವತ್ತು ಹೊರಗೆ ಕೂರುತ್ತಾರೆ. ಒಂಬತ್ತೂವರೆಗೆ ಕಣ್ಣಿನ ಡಾಕ್ಟರು ಬರುವ ಹೊತ್ತಿಗೆ ವರಾಂಡದಲ್ಲಿ ಹದಿನಾಲ್ಕು ಜನರ ಸಾಲು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದರು. ಯಾರೋ ಪುಣ್ಯಾತ್ಮರು ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ತಂದು ಹಾಕಿದ್ದರು.

"ಬನ್ನಿ ಡಾಕ್ಟ್ರೇ, ಇಲ್ಲೇ ಗಾಳಿ ಚೆನ್ನಾಗಿದೆ," ಎಂದರು ಸಾಲಿನ ತುದಿಯಲ್ಲಿದ್ದ ಗಣಿತದ ಮೇಷ್ಟ್ರು.

ಡಾಕ್ಟರು ಒಳಗೆ ಬಂದು ಟೀವಿ ನೋಡಿದರು. ಮುಖ ಕೆಂಡವಾಯಿತು. "ಕೌಂಟರಮ್ಮ! ಹದಿನಾರು ವರ್ಷ ಕೆಲಸ ಮಾಡಿದೀನಿ ಇಲ್ಲಿ. ನನ್ನನ್ನ ಗೋಡೆಯಿಂದ ಆಚೆಗೆ ಹಾಕಿದೀರಲ್ಲ!"

ಕೌಂಟರಮ್ಮ ಟೀವಿಯನ್ನೇ ದಿಟ್ಟಿಸುತ್ತ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಯಾರ ಹೆಸರನ್ನೂ ತಪ್ಪಾಗಿ ಬರೆದವರಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಅದನ್ನು ಕಂಡ ಹಲ್ಲಿನ ಡಾಕ್ಟರಮ್ಮ ತಮ್ಮ ಬಾಗಿಲಿಂದ ಸರಸರನೆ ಬಂದರು. "ರೀ, ಅವರನ್ನ ಯಾಕೆ ಬೈತೀರಿ? ಇದು ಸರಿಹೋಗೋತನಕ ನನ್ನ ಹತ್ರ ಬಂದ ನಿಮ್ಮೋರನ್ನ ನಾನು ಕಳಿಸ್ತೀನಿ. ನಿಮ್ಮ ಹತ್ರ ಬಂದ ನನ್ನೋರನ್ನ ನೀವು ಕಳಿಸಿ. ಆಯ್ತಾ?"

ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಲ್ಕು ವರ್ಷದಲ್ಲಿ ಇದು ಮೊದಲ ನೇರ ಮಾತು. ಕಣ್ಣಿನ ಡಾಕ್ಟರು ಅಭ್ಯಾಸಬಲದಿಂದ ಕಿಂಡಿಯ ಕಡೆ ತಿರುಗಿದರು. "ಕೌಂಟರಮ್ಮ, ಆಗಬಹುದು ಅಂತ ಅವರಿಗೆ ಹೇಳಿ."

"ಇಲ್ಲೇ ನಿಂತಿದೀನಲ್ರೀ!" ಎಂದರು ಡಾಕ್ಟರಮ್ಮ.

"ಹೌದಲ್ಲ," ಎಂದರು ಡಾಕ್ಟರು. ಏನು ಮಾಡಬೇಕೋ ತಿಳಿಯದೆ, ಹೊರಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ತಂದರು.

ಆ ಸಂಜೆ ಕೌಂಟರಮ್ಮ ಬೆಳಗಿನ ಸಾಲನ್ನೂ ಸಂಜೆಯ ಸಾಲನ್ನೂ ಒಂದು ನೋಟ್ ಪುಸ್ತಕದಲ್ಲಿ ಅಕ್ಷರ ಬಿಡದೆ ಬರೆದುಕೊಂಡು ಮನೆಗೆ ಹೋದರು. ಅವರ ಯಜಮಾನರು ಟೈಲ್ಸ್ ಮೇಸ್ತ್ರಿ. ಆಗಷ್ಟೇ ಕೆಲಸ ಮುಗಿಸಿ ಬಂದು, ಮೊಣಕಾಲಿಗೆ ಅಂಟಿದ ಸಿಮೆಂಟ್ ಕೆರೆಯುತ್ತಿದ್ದರು. ಹೆಂಡತಿಯ ಮುಖ ನೋಡಿ, "ಏನಾಯ್ತೇ?" ಎಂದರು.

"ನಾಳೆಯಿಂದ ಹೋಗಲ್ಲ ರೀ. ಇನ್ಯಾರನ್ನಾದರೂ ಕೂರಿಸಿಕೊಳ್ಳಲಿ. ನನಗೆ ವಯಸ್ಸಾಯ್ತು." ಎಲ್ಲವನ್ನೂ ಹೇಳಿಕೊಂಡರು. ಗೋಡೆಯಿಂದ ಆಚೆಗೆ ಹೋದ ಕಣ್ಣಿನ ಡಾಕ್ಟರ ಕಥೆ ಬಂದಾಗ ಮೇಸ್ತ್ರಿ ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಆ ಕಡೆ ತಿರುಗಿದರು.

"ನಗಬೇಡಿ."

"ನಗಲಿಲ್ಲ. ತೋರಿಸು."

ಮೇಸ್ತ್ರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೆ ಸಾಲು ಕಂಡರೆ ಎಣಿಸುವ ಚಟ ಅವರಿಗೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಸಂಜೆಯ ಸಾಲಿನ ಮೇಲೆ ಚುಕ್ಕೆ ಇಡುತ್ತ ಹೋದರು.

"ಇಲ್ಲಿ ಐದಿದೆ. ಮೊದಲನೇದು ಏನು?"

"ಹೊತ್ತು. ಸಂಜೆ ನಾಲ್ಕರಿಂದ ಏಳು."

"ಆಮೇಲೆ ನಾಲ್ಕು ಕೋಣೆ. ಸರಿ. ಈ ಒಂದನೇ ಕೋಣೆದು ತೆರೆದು ಹಾಗೇ ಮುಚ್ಚಿದಾನಲ್ಲ, ಒಳಗೆ ಏನೂ ಇಲ್ಲ?"

"ದೊಡ್ಡ ಡಾಕ್ಟರು ಸಂಜೆ ಬರಲ್ಲವಲ್ಲ. ಬರೆಯೋದು ಮರೆತಿರಬೇಕು ಅಂದುಕೊಂಡೆ."

"ಮರೆತಿಲ್ಲ ಕಣೇ. ಬೇಕಂತಲೇ ಬಿಟ್ಟಿದಾನೆ." ಮೇಸ್ತ್ರಿ ಬೆಳಗಿನ ಸಾಲಿಗೆ ಬಂದರು. "ಇಲ್ಲಿ ನೋಡು, ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರು ಹೆಂಗೆ ಬಂತು? ಮೇಲಿನ ಸಾಲಲ್ಲಿ ಆರು, ಕೆಳಗಿನ ಸಾಲಲ್ಲಿ ಐದು ಹಾಕಿದರೆ ಯಾವ ಮನೆಯವರು ನನ್ನ ಒಳಗೆ ಬಿಟ್ಟುಕೊಳ್ತಾರೆ?"

"ಮೊದಲು ಐದೇ ಇತ್ತು. ನಾನು ಒಂದು ಕಿತ್ತೆ, ಆಮೇಲೆ ಎರಡು ಹಾಕಿದೆ."

ಮೇಸ್ತ್ರಿ ಎದ್ದು ಹೋಗಿ ಚೀಲದಿಂದ ಮಾದರಿಯ ಟೈಲ್ಸ್ ಚೂರುಗಳನ್ನು ತಂದು ನೆಲದ ಮೇಲೆ ಸಾಲಾಗಿ ಜೋಡಿಸಿದರು. "ನನ್ನ ಟೈಲ್ಸ್ ತೆಗೆದರೆ ಗುಂಡಿ ಬೀಳತ್ತೆ, ಪಕ್ಕದ್ದು ಅಲ್ಲೇ ಇರತ್ತೆ. ಯಾಕೆ? ಕೆಳಗೆ ಗಾರೆ ಹಿಡ್ಕೊಂಡಿದೆ. ನಿನ್ನ ಟಿಡಿಗೆ ಗಾರೆ ಇಲ್ಲ." ಒಂದು ಚೂರು ತೆಗೆದು ಉಳಿದವನ್ನು ಬೆರಳಿನಿಂದ ಸರಿಸಿದರು. "ಹೀಗೆ ಜಾರ್ತಾ ಬರತ್ತೆ. ಅವರು ಬರದೇ ಇದ್ದರೂ ಅವರ ಜಾಗಕ್ಕೆ ಒಂದು ಖಾಲಿ ಟೈಲ್ಸ್ ಇಡಲೇಬೇಕು. ಎರಡಲ್ಲ, ಒಂದೇ ಒಂದು."

ಕೌಂಟರಮ್ಮ ಸರಿದ ಚೂರುಗಳನ್ನು ಹಿಂದಕ್ಕೆ ತಳ್ಳಿ, ತೆಗೆದ ಚೂರನ್ನು ಮತ್ತೆ ನಡುವೆ ಇಟ್ಟರು. "ಏನೂ ಇಲ್ಲ ಅಂತ ಹೇಳೋಕೂ ಒಂದು ಖಾನೆ ಬೇಕು ಅನ್ನಿ."

"ಅದನ್ನೇ ನಾನೂ ಹೇಳಿದ್ದು."

"ನೀವು ಟೈಲ್ಸ್ ಅಂದ್ರಿ."

ಬುಧವಾರ ಬೆಳಗ್ಗೆ ಕೌಂಟರಮ್ಮ ಹೆಚ್ಚಾದ ಒಂದು ಖಾನೆ ಕಿತ್ತರು. ಸಾಲಿಗೆ ಐದು ಬಂತೇ ಎಂದು ಬೆರಳಿಟ್ಟು ಮೂರು ಸಲ ಎಣಿಸಿದರು. ಉಳಿಸಿದರು. ಟೀವಿ ಆರಿಸಿ ಹಾಕಿದರು. ಎರಡನೇ ಕೋಣೆ ಗೆರೆಗಳ ಸಮೇತ ಖಾಲಿಯಾಗಿ ನಿಂತಿತ್ತು. ಮೂರರಲ್ಲಿ ಹಲ್ಲು, ನಾಲ್ಕರಲ್ಲಿ ಕಣ್ಣು. ಖುಷಿಗೆ ಖಾಲಿ ಖಾನೆಯೊಳಗೆ ಏನಾದರೂ ಬರೆಯೋಣ ಅನ್ನಿಸಿತು. 'ಮಗು ಮಲಗಿದ ಮೇಲೆ ಬರುತ್ತಾರೆ' ಎಂದು ಬರೆದರು, ಆಮೇಲೆ ನಾಚಿಕೆಯಾಗಿ ಅಳಿಸಿ 'ಸಂಜೆ ಬರುತ್ತಾರೆ' ಎಂದಷ್ಟೇ ಉಳಿಸಿದರು. ಗಾಬರಿಯಿಲ್ಲದೆ ಕೀಲಿಮಣೆ ಮುಟ್ಟಿದ್ದು ಅದೇ ಮೊದಲು.

ದೊಡ್ಡ ಡಾಕ್ಟರು ಎರಡು ದಿನದ ರಂಪವನ್ನು ಕೇಳಿಯೂ ಕೇಳದ ಹಾಗಿದ್ದವರು, ಬಂದು ಟೀವಿ ನೋಡಿ, "ನನ್ನ ಅಕ್ಕನ ಮಗನಿಗೆ ಫೋನ್ ಮಾಡಿ ಸರಿ ಮಾಡಿಸಿದ್ರಾ?" ಎಂದು ಕೇಳಿದರು.

"ಇಲ್ಲ ಸಾರ್. ನಮ್ಮ ಮೇಸ್ತ್ರಿಗಳು ನೋಡಿದ್ರು, ನಾನು ಮಾಡಿದೆ."

"ಮೇಸ್ತ್ರಿಗಳಿಗೆ ಕಂಪ್ಯೂಟರ್ ಬರತ್ತಾ?"

"ಎಣಿಸೋಕೆ ಬರತ್ತೆ ಸಾರ್."

ಫಲಕಗಳನ್ನು ಬಾಗಿಲಿಗೆ ಮತ್ತೆ ಹಾಕಿಸಬೇಕೆಂದು ಕೌಂಟರಮ್ಮ ಅದೇ ಉಸಿರಿನಲ್ಲಿ ಕೇಳಿಕೊಂಡರು. ದೊಡ್ಡ ಡಾಕ್ಟರು ತಲೆಯಾಡಿಸಿದರು, ಮಧ್ಯಾಹ್ನದ ಒಳಗೆ ಹಾಕಿಸಿಯೂ ಬಿಟ್ಟರು.

ಗಣಿತದ ಮೇಷ್ಟ್ರು ಆ ವಾರದ ಕೊನೆಗೆ ಬಂದರು. ಹೊಸ ಕನ್ನಡಕ ಹಾಕಿಕೊಂಡಿದ್ದರು. ಕಣ್ಣಿನ ಡಾಕ್ಟರ ಕಡೆ ತಿರುಗದೆ ಮೂರನೇ ಬಾಗಿಲ ಮುಂದೆ ತಾವಾಗೇ ಹೋಗಿ ಕೂತರು. "ಹೆಂಗೂ ಒಂದು ಸಲ ನೋಡಿಬಿಟ್ಟಿದಾರೆ, ಮುಚ್ಚಿಡೋಕೆ ಏನಿದೆ?" ಎಂದು ಪಕ್ಕದವರಿಗೆ ಹೇಳಿದರು. ಒಳಗೆ ಹೋದವರ ಕೂಗು ಒಂದೇ ಒಂದು ಸಲ ಕೇಳಿಸಿತು. ಹೊರಗೆ ಬಂದಾಗ ಕೆನ್ನೆ ಊದಿತ್ತು, ಮುಖದಲ್ಲಿ ಮಾತ್ರ ಪರೀಕ್ಷೆ ಮುಗಿಸಿದವರ ನಿರಾಳ.

ಇನ್ನು ಡಾಕ್ಟರುಗಳ ವಿಷಯ. ಪೇಷೆಂಟುಗಳನ್ನು ಅತ್ತಿಂದಿತ್ತ ಕಳಿಸುವ ನೆಪದಲ್ಲಿ ಶುರುವಾದ ಮಾತು ನಿಲ್ಲಲಿಲ್ಲ. ಮೊದಲು 'ಕಳಿಸಿದೀನಿ', 'ಬಂದ್ರು' ಎಂಬಷ್ಟೇ ಇದ್ದದ್ದು ಕ್ರಮೇಣ ಆ ಕಿಟಕಿಯ ಗಾಜಿನವರೆಗೂ ಹೋಯಿತು. ಸರಿಸಿದರೆ ಮುಚ್ಚುವ, ಎಳೆದರೆ ತೆರೆಯುವ ಒಂದು ಕಪ್ಪು ಪರದೆ ಹಾಕಿಸುವುದೆಂದು ಒಪ್ಪಂದವಾಯಿತು. ಪರದೆಯ ಹಗ್ಗ ಯಾರ ಕೋಣೆಯ ಕಡೆ ಇರಬೇಕು ಎನ್ನುವುದರ ಮೇಲೆ ಎರಡು ದಿನ ಜೋರು ವಾದ ನಡೆಯಿತು. ಹಾಗೆ ವಾದಿಸುವಾಗ ಇಬ್ಬರೂ ಬಂದು ನಿಲ್ಲುತ್ತಿದ್ದದ್ದು ಕಿಂಡಿಯ ಮುಂದೆಯೇ. ನಡುವೆ ಕೂತವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಸಾರ್, ಮೇಡಂ," ಎಂದರು ಕೌಂಟರಮ್ಮ ಮೂರನೇ ದಿನ. "ನಾಲ್ಕು ವರ್ಷ ನಿಮ್ಮಿಬ್ಬರ ಮಾತು ಹೊತ್ತುಕೊಂಡು ಓಡಾಡಿದೀನಿ. ಈಗ ನೀವೇ ಮಾತಾಡ್ಕೊಳ್ತೀರಿ, ಸಂತೋಷ. ಸ್ವಲ್ಪ ಆ ಕಡೆ ಹೋಗಿ ಮಾತಾಡ್ತೀರಾ? ಚೀಟಿ ಕೊಡಬೇಕು."

ಇಬ್ಬರೂ ಒಟ್ಟಿಗೇ, "ಸಾರಿ ಕೌಂಟರಮ್ಮ," ಎಂದು ಒಂದು ಹೆಜ್ಜೆ ಪಕ್ಕಕ್ಕೆ ಹೋದರು; ಹೋಗಿ, ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡಿದರು. ಕೌಂಟರಮ್ಮ ಮುಂದಿನವರ ಹೆಸರು ಕೇಳಿ ಚೀಟಿ ಬರೆಯತೊಡಗಿದರು.